ದ್ರಾಕ್ಷಿ ಚಪ್ಪರದಲ್ಲಿ ಅತ್ತೆಯ ಕೈ

ತಂಗಿಯ ಮಗಳಿಗೆ ಹೆಸರಿಡುವ ದಿನ ನಾವೆಲ್ಲ ಓಡೈಪಟ್ಟಿಯ ನಮ್ಮ ದ್ರಾಕ್ಷಿ ತೋಟದಲ್ಲಿದ್ದೆವು. ಅತ್ತೆ ಮಾತ್ರ ಕಾಲು ಮುರಿದುಕೊಂಡು ದಿಂಡಿಗಲ್ಲಿನಲ್ಲಿ ಉಳಿದಿದ್ದರು. ನಮ್ಮ ಮನೆಯಲ್ಲಿ ಹೆಸರು ಕರೆಯುವ ಮೊದಲು ಹಿರಿಯಳೊಬ್ಬಳು ಕೂಸಿನ ನೆತ್ತಿಯ ಮೇಲೆ ಕೈಯಿಡಬೇಕು. ತನ್ನನ್ನು ಎತ್ತಿ ಆಡಿಸಿದ ಅತ್ತೆಯ ಕೈಯೇ ಆಗಬೇಕೆಂದು ತಂಗಿಯ ಹಟ.

"ನಾನು ಮುಟ್ಟಿಸುತ್ತೇನೆ" ಎಂದುಬಿಟ್ಟೆ. ಎರಡು ವಿಡಿಯೊಗಳನ್ನು ಒಂದೇ ದೃಶ್ಯವಾಗಿ ಬೆಸೆಯುವುದು ನನ್ನ ಕೆಲಸ. ಅತ್ತೆಯ ಎದುರು ಒಂದು ಫೋನು, ಇಲ್ಲಿ ಚಪ್ಪರದಡಿ ಇನ್ನೊಂದು. ಎರಡೂ ಕಡೆಯ ಟಿವಿಯಲ್ಲಿ ಅತ್ತೆ ತೊಟ್ಟಿಲ ಪಕ್ಕದಲ್ಲೇ ಕೂತಂತೆ ಕಾಣುತ್ತಿತ್ತು. ತಾಗಿದ್ದು ಅವರ ಕೈಗೆ ತಿಳಿಯುವುದಿಲ್ಲವಲ್ಲ. ಚಿತ್ರದಲ್ಲಿ ಅವರ ಕೈ ಇಲ್ಲಿಯ ಯಾವುದಕ್ಕೆ ತಾಗಿದರೂ ಕೂಡಲೇ ಟಿವಿ 'ಟಿಣ್' ಎನ್ನಬೇಕೆಂದು ಹೊಂದಿಸಿದ್ದೆ.

ಅತ್ತೆ ಕೈ ಎತ್ತುತ್ತಲೇ ಟಿಣ್ ಎಂದಿತು. ಟಿವಿಯಲ್ಲಿ ಆ ಕೈ ಕ್ಯಾಮೆರಾದ ಹತ್ತಿರ ತೂಗುತ್ತಿದ್ದ ಗೊಂಚಲಿನ ಮೇಲೆ ಬಿದ್ದಿತ್ತು.

"ಅಣ್ಣಾ, ಅತ್ತೆ ದ್ರಾಚ್ಚೆಗೆ ಹೆಸ್ರಿಡ್ತಾವ್ರೆ!" ಎಂದಳು ತಂಗಿ.

"ಇರ್ಲಿ ಬುಡು ನನ್ ಕಣ್ಣೇ, ಅದೂ ನಮ್ ತೋಟದ ಕೂಸೇ" ಎಂದರು ಟಿವಿಯೊಳಗಿನ ಅತ್ತೆ.

ಚಿತ್ರಕ್ಕೆ ಎಡಬಲ ಗೊತ್ತು, ಹಿಂದುಮುಂದು ಗೊತ್ತಿಲ್ಲ. ಆಳದ ಅಳತೆಯನ್ನೂ ಸೇರಿಸಿದೆ: ಫೋನಿನಿಂದ ಕೈ ಎಷ್ಟು ದೂರವೋ ಕೂಸೂ ಅಷ್ಟೇ ದೂರವಿದ್ದರೆ ಮಾತ್ರ ತಾಗಿದಂತೆ. ತೊಟ್ಟಿಲು ಇಲ್ಲಿರುವಷ್ಟೇ ದೂರಕ್ಕೆ ಅಲ್ಲಿ ಅತ್ತೆಯ ಕುರ್ಚಿಯನ್ನು ಸರಿಸಲು ಹೇಳಿದೆ. ಈ ಸಲ ಕೈ ಗೊಂಚಲಿನ ಹಿಂದೆ ಸದ್ದಿಲ್ಲದೆ ಹಾದು ನೆತ್ತಿಗೆ ಬಂತು. ಟಿಣ್! ಎಲ್ಲರೂ ಕೂಗಿದರು. ಹೆಸರು ಕರೆದೆವು.

ಅತ್ತೆಯ ಅಂಗೈಯಡಿ ಕೂಸಿನ ಕೂದಲು ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಅಲ್ಲಿ ಕೈಯೇ ಇರಲಿಲ್ಲ, ಕೂದಲು ಒತ್ತುವುದು ಹೇಗೆ? ಇದನ್ನು ಬರೆಯಲು ಕೂತಾಗ ಅನುಮಾನ ಬಂದು ರೆಕಾರ್ಡಿಂಗ್ ತೆರೆದೆ. ಕೈ ನೆತ್ತಿಯಿಂದ ಎರಡು ಬೆರಳಿನಷ್ಟು ಮೇಲೆಯೇ ನಿಂತಿತ್ತು. ಸದ್ದು ಬಾರದೆ ಹೋದೀತೆಂಬ ಭಯಕ್ಕೆ ನಾನೇ ಅಳತೆಯನ್ನು ಸಡಿಲ ಬಿಟ್ಟಿದ್ದೆ. ಕೊಟ್ಟ ಮಾತು ಸುಳ್ಳಾಯಿತೆಂದು ಅತ್ತೆಗೆ ಫೋನು ಮಾಡಿದೆ.

"ಅತ್ತೆ, ಅವತ್ತು ನಿಮ್ ಕೈ ತಾಗಿರ್ಲಿಲ್ಲ. ಎರಡು ಬೆರಳು ಮೇಲಿತ್ತು. ತಪ್ಪು ನಂದು."

"ನಿಂದ್ಯಾಕೆ? ನಾನೇ ನಿಲ್ಲಿಸ್ದೆ."

"ಯಾಕತ್ತೆ?"

"ಏ ಲೂಸು, ಕೂಸಿನ ನೆತ್ತಿ ಇನ್ನೂ ಕೂಡಿಲ್ಲ, ಮೆತ್ತಗೈತೆ. ಅದರ ಮ್ಯಾಲೆ ಯಾರಾದ್ರೂ ಕೈ ಊರ್ತಾರಾ? ನಿಂಗೂ ಹಿಂಗೇ ಇಟ್ಟಿದ್ದು, ನಿನ್ ತಂಗೀಗೂ ಹಿಂಗೇ."