ಛೋರಿ ಅಂದರೆ ಕಳವಲ್ಲ

ತೊಂಬತ್ತರ ದಶಕದ ಕೊನೆ. ನಾನಾಗ ಕೂಡ್ಲಿಗಿ ಕಡೆಯ ಒಂದು ಲಂಬಾಣಿ ತಾಂಡಾದಲ್ಲಿ ಶಾಲಾ ಮಾಸ್ತರ. ಒಂದು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ (ಊರಿನ ಹೆಸರು ಬೇಡ) ಯಾರೋ ಹೆಂಗಸಿನ ಸರ ಕಾಣೆಯಾಯಿತು. ಅದೇ ಹೊತ್ತಿಗೆ ಒಬ್ಬ ಲಂಬಾಣಿ ಹಡಗಲಿ ಬಸ್ಸಿನ ಹಿಂದೆ ಓಡುತ್ತಿದ್ದ. ಇನ್ನೇನು ಬೇಕು? ಹಿಡಿದು ನಾಲ್ಕು ಬಿಗಿದು ಠಾಣೆಗೆ ಎಳೆದೊಯ್ದರು. ಓದುಬರಹ ಬಲ್ಲ ಸಾಕ್ಷಿ ಬೇಕೆಂದು ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ನನ್ನನ್ನೂ ಕರೆದರು.

ಅವನ ಮೈಮೇಲೆ ಸರ ಸಿಕ್ಕಿರಲಿಲ್ಲ. ಏನು ಕೇಳಿದರೂ ಬಾಗಿಲ ಕಡೆ ಕೈತೋರಿಸಿ "ಛೋರಿ, ಛೋರಿ" ಅನ್ನುತ್ತಿದ್ದ. ಹೆದರಿಕೆಗೆ ಬರುವ ಕನ್ನಡವೂ ಮರೆತುಹೋಗಿತ್ತು.

"ಕೇಳಿದ್ರಿಲ್ರಿ ಮಾಸ್ತರ? ಚೋರಿ ಅಂತ ತಾನ ಒಪ್ಯಾನ. ಬಸ್ಸಿನ್ಯಾಗ ಜತಿಗಾರ ಅದಾನ, ಅವನ ಕೈಗೆ ದಾಟಿಸ್ಯಾನ. ಹಾಕ್ರಿ ಸಹಿ," ಎಂದರು ದಫೇದಾರರು.

ನಮ್ಮ ತಾಂಡಾದಲ್ಲಿ ಹೆಣ್ಣುಮಕ್ಕಳನ್ನು ಕರೆಯುವುದೇ ಛೋರಿ ಅಂತ. ಗೊತ್ತಿದ್ದೂ ಪೆನ್ನು ಹಿಡಿದು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕೊನೆಗೆ ಹೇಗೋ ಅಂದೆ: "ಕಳವಲ್ರಿ ಸಾಹೇಬ್ರ. ಛೋರಿ ಅಂದ್ರ ಅವರ ಮಾತಿನ್ಯಾಗ ಹುಡುಗಿ. ಮಗಳು ಬಸ್ಸಿನ್ಯಾಗ ಹೋಗ್ಯಾಳ."

"ನೀವು ಮಾಸ್ತರೋ, ಅವನ ವಕೀಲರೋ?"

ಆದರೂ ನಿಲ್ದಾಣದ ಕಂಟ್ರೋಲರಿಂದ ಹಡಗಲಿಗೆ ಫೋನ್ ಮಾಡಿಸಿದರು. ಅವನ ಮಾತಿನಲ್ಲೇ ಕೇಳಿದೆ: ಸೀಟು ಹಿಡಿಯಲು ಮಗಳನ್ನು ಕೂರಿಸಿ ಬಾಳೆಹಣ್ಣು ತರಲು ಇಳಿದಿದ್ದನಂತೆ, ಬಸ್ಸು ಬಿಟ್ಟಿತ್ತು. ಹುಡುಗಿ ಬರುವತನಕ ಅವನನ್ನು ಬಿಡಲಿಲ್ಲ. ಹೊರಗೆ ಬಸ್ಸಿನ ಸದ್ದಾದಾಗಲೆಲ್ಲ ಅವನು ಏಳುವುದು, ಇವರು ಗದರಿಸಿ ಕೂರಿಸುವುದು. ನನಗೂ ಅದೇ ಯೋಚನೆ: ಮಗು ನಡುವೆ ಎಲ್ಲಾದರೂ ಇಳಿದುಬಿಟ್ಟಿದ್ದರೆ?

ಮೂರು ತಾಸಿನ ಮೇಲೆ ಕಂಡಕ್ಟರೊಬ್ಬ ಕರೆತಂದ. ಆರೇಳು ವರ್ಷದ ಹುಡುಗಿ, ಅತ್ತು ಅತ್ತು ಮುಖ ಊದಿತ್ತು. ಬಟ್ಟೆಯ ಗಂಟನ್ನು ಎದೆಗೆ ಅವುಚಿಕೊಂಡಿದ್ದಳು. ಅಪ್ಪ ಬಾಚಿ ಎತ್ತಿಕೊಳ್ಳುತ್ತಾನೆ ಅಂದುಕೊಂಡೆ. ಇಲ್ಲ. ಯಾರೂ ಹೇಳದೆಯೇ ಮೊದಲು ಅವಳ ಕೈಯಿಂದ ಗಂಟು ತಗೊಂಡು ದಫೇದಾರರ ಮೇಜಿನ ಮೇಲೆ ಬಿಚ್ಚಿದ. ಎರಡು ರೊಟ್ಟಿ, ಒಂದು ಲಂಗ, ಬಾಚಣಿಗೆ.

ಪೊಲೀಸರನ್ನು ಬೈಯುವುದು ಸುಲಭ, ಬೈದಿದ್ದೇನೆ ಕೂಡ. ಆದರೆ ಅವನು ಆ ಲಂಗ ಕೊಡವಿ ತೋರಿಸುವಾಗ, ಸರ ಬೀಳುತ್ತದೇನೋ ಅಂತ ನಾನೂ ಕುತ್ತಿಗೆ ಚಾಚಿ ನೋಡಿದೆ.