ಐದು ವೋಲ್ಟಿನ ಜಾಗಕ್ಕೆ ಹನ್ನೆರಡು

ಸುಮತಿ ಟೀಚರ್, ನಿಮ್ಮ ಯಜಮಾನರ ಡಿಸ್ಕ್ ಡ್ರೈವನ್ನು ಸುಟ್ಟವನು ಹಮೀದ್ ಅಲ್ಲ. ನಾನು. ಈ ಒಂದು ಮಾತನ್ನು ನಾಲ್ಕು ವರ್ಷದಿಂದ ನಿಮ್ಮಿಂದ ಮುಚ್ಚಿಟ್ಟಿದ್ದೇನೆ — ವೇಣೂರಿನ ಬಸ್ಸಿನಲ್ಲಿ ನಿಮ್ಮನ್ನು ಎರಡು ಸಲ ನೋಡಿದೆ, ಎರಡು ಸಲವೂ ಹಿಂದಿನ ಬಾಗಿಲಿನಿಂದ ಇಳಿದುಹೋದೆ.

ನಿಮಗೆ ನನ್ನ ಅಂಗಡಿ ಗೊತ್ತು, ಅಂಗಡಿಯೊಳಗೆ ಕೂತವನ ಬುದ್ಧಿ ಗೊತ್ತಿಲ್ಲ. ಮೂಡುಬಿದಿರೆಯಲ್ಲಿ ರೇಡಿಯೋ, ಟಿವಿ, ಮಿಕ್ಸಿ ರಿಪೇರಿ ಮಾಡುತ್ತ ನನಗೆ ಮೂವತ್ತು ವರ್ಷ ದಾಟಿತು. ನನ್ನದು ಹುಟ್ಟಿನಿಂದಲೇ ಅನುಮಾನದ ಪಿಂಡ. ಹೋಟೆಲಿನವನು ಎರಡು ದಿನ ನಗುತ್ತ ಮಾತಾಡಿಸಿದರೆ ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ ಎಂದುಕೊಳ್ಳುವವನು ನಾನು. ವೋಲ್ಟೇಜ್ ಅಳೆಯುವ ಮೀಟರ್ ಸರಿಯಿದೆಯೋ ಎಂದು ನೋಡಲು ಇನ್ನೊಂದು ಮೀಟರ್ ಇಟ್ಟುಕೊಂಡಿದ್ದಾರೆ ಎಂದು ನನ್ನ ಹೆಂಡತಿ ಊರೆಲ್ಲ ಹೇಳಿ ನಗುತ್ತಾಳೆ. ಅದು ತಮಾಷೆಯಲ್ಲ, ನಿಜವಾಗಿಯೂ ಇಟ್ಟುಕೊಂಡಿದ್ದೇನೆ.

ಹಮೀದ್ ನನ್ನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದ. ನಮ್ಮ ಅಂಗಡಿಗೊಂದು ನಿಯಮವಿತ್ತು. ಯಾವ ಯಂತ್ರವೇ ಬರಲಿ, ಒಬ್ಬನು ವೋಲ್ಟೇಜ್ ಅಳೆದು ಚೀಟಿಯಲ್ಲಿ ಬರೆದು, ತನ್ನ ಹೆಸರಿನ ಅಕ್ಷರ ಹಾಕಿ ಅಂಟಿಸಬೇಕು. ಸ್ವಿಚ್ ಹಾಕುವವನು ಇನ್ನೊಬ್ಬ. ಎರಡು ಜೊತೆ ಕಣ್ಣು ಒಳ್ಳೆಯದು ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ — ತಪ್ಪಾದರೆ ಯಾರದೆಂದು ಹಿಡಿಯುವುದಕ್ಕೆ ನಾನೇ ಮಾಡಿದ ನಿಯಮ ಅದು.

ನೀವು ಆ ಡ್ರೈವ್ ತಂದ ವಾರ ನನ್ನ ತಲೆ ತುಂಬ ಹಮೀದನೇ ಇದ್ದ. ಫೋನ್ ಬಂದರೆ ಅವನು ಹೊರಗೆ ಹೋಗಿ ದನಿ ತಗ್ಗಿಸಿ ಮಾತಾಡುತ್ತಿದ್ದ. ಅವನ ಮನೆಮಾತು ಬ್ಯಾರಿ ನನಗೆ ಅರ್ಧ ತಿಳಿಯುತ್ತದೆ. ‘ವಾಮದಪದವು’ ಎಂಬ ಹೆಸರು ಮೂರು ಸಲ ಕಿವಿಗೆ ಬಿತ್ತು. ಅಲ್ಲಿ ಅವನ ಭಾವನ ಕಟ್ಟಡವಿದೆ ಎಂದು ಗೊತ್ತಿತ್ತು. ಸರಿ, ಬೇರೆ ಅಂಗಡಿ ಹಾಕುತ್ತಾನೆ, ನನ್ನ ಗಿರಾಕಿಗಳನ್ನೆಲ್ಲ ಕೊಂಡೊಯ್ಯುತ್ತಾನೆ — ಅಲ್ಲಿಂದ ಮುಂದೆ ಅವನು ಸ್ಕ್ರೂ ತಿರುಗಿಸಿದರೂ ಅದರಲ್ಲಿ ನನಗೊಂದು ಸಂಚು ಕಾಣುತ್ತಿತ್ತು.

ನೀವು ಹೇಳಿದ್ದೆಲ್ಲ ನೆನಪಿದೆ. ನಿಮ್ಮ ಯಜಮಾನರು ಬೆಳ್ತಂಗಡಿ ಕಡೆಯ ಹಳ್ಳಿ ಹಳ್ಳಿ ತಿರುಗಿ, ಗದ್ದೆಯಲ್ಲಿ ನೇಜಿ ನೆಡುವ ಅಜ್ಜಿಯಂದಿರ ಬಾಯಿಂದ ಹಳೆಯ ಭತ್ತದ ತಳಿಗಳ ತುಳು ಹೆಸರುಗಳನ್ನು ಕೇಳಿ ಬರೆದುಕೊಂಡದ್ದು; ಅದನ್ನೆಲ್ಲ ಆ ಕಾಲದ ಕಂಪ್ಯೂಟರಿಗೆ ಹಾಕಿದ್ದು; ಅವರು ತೀರಿಕೊಂಡ ಮೇಲೆ ಪುಸ್ತಕಗಳಿಗೆ ಗೆದ್ದಲು ಹಿಡಿದದ್ದು. ಉಳಿದದ್ದು ಹಪ್ಪಳದಂತೆ ತೆಳ್ಳಗಿನ ಒಂದು ಕಪ್ಪು ಡಿಸ್ಕ್, ಮತ್ತು ಅದನ್ನು ಓದಬಲ್ಲ ಈ ಒಂದೇ ಡ್ರೈವ್. ಹೆಸರು ಹೇಳಿದ ಅಜ್ಜಿಯಂದಿರು ಯಾರೂ ಈಗ ಇಲ್ಲ ಎಂದು ನೀವು ಮೆಲ್ಲಗೆ ಹೇಳಿದಿರಿ.

ಇಷ್ಟು ಹಳೆಯ ಡ್ರೈವನ್ನು ನೇರ ಚಾಲೂ ಮಾಡಬಾರದು. ಅದರ ಪವರ್ ಸಪ್ಲೈ ಏನು ಕೊಡುತ್ತದೆ ಎಂದು ಮೊದಲು ಅಳೆಯಬೇಕು — ಚಿಪ್ಪುಗಳಿಗೆ ಐದು ವೋಲ್ಟು, ಮೋಟಾರಿಗೆ ಹನ್ನೆರಡು. ಹಮೀದ್ ಅಳೆದ. ಚೀಟಿಯಲ್ಲಿ ಬರೆದ: ಐದು, ಹನ್ನೆರಡು. ಕೆಳಗೆ ‘ಹ’.

ಒಂದು ಚೂರು ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂವತ್ತು ವರ್ಷ ಹಳೆಯ ಸಪ್ಲೈ ಇಷ್ಟು ನೆಟ್ಟಗೆ ಕೊಡುತ್ತದೆಯೇ? ಅಳೆಯದೆ ಬರೆದಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಶುಕ್ರವಾರ ಮಧ್ಯಾಹ್ನ ಅವನು ನಮಾಜಿಗೆ ಹೋದದ್ದೇ ತಡ, ನಾನು ಮೀಟರ್ ಹಿಡಿದು ಕೂತೆ. ಮೀಟರಿನ ಕಡ್ಡಿ ಸಪ್ಲೈಯ ಪ್ಲಗ್ಗಿನೊಳಗೆ ಸರಿಯಾಗಿ ಇಳಿಯಲಿಲ್ಲ. ಕೆಂಪು ತಂತಿ, ಹಳದಿ ತಂತಿ ಎರಡನ್ನೂ ಪ್ಲಗ್ಗಿನಿಂದ ಕಿತ್ತು ಅಳೆದೆ. ಐದು. ಹನ್ನೆರಡು. ಅವನು ಬರೆದದ್ದು ಸರಿಯಾಗಿಯೇ ಇತ್ತು. ನನಗೆ ಸಮಾಧಾನವಾಗಬೇಕಿತ್ತು ಅಲ್ಲವೇ — ನಿರಾಸೆಯಾಯಿತು.

ಅವನು ಬರುವ ಮೊದಲು ತಂತಿಗಳನ್ನು ತಿರುಗಿ ಸಿಕ್ಕಿಸಬೇಕಿತ್ತು. ಕಣ್ಣು ರಸ್ತೆಯ ಮೇಲೆ, ಕೈ ಪ್ಲಗ್ಗಿನ ಮೇಲೆ. ನಾನು ಕಲಿತ ರೇಡಿಯೋ ಕೆಲಸದಲ್ಲಿ ಕೆಂಪು ಎಂದರೆ ದೊಡ್ಡ ವೋಲ್ಟೇಜು. ಈ ಡ್ರೈವುಗಳಲ್ಲಿ ಅದು ತಿರುಗುಮುರುಗು: ಕೆಂಪಿನಲ್ಲಿ ಐದು, ಹಳದಿಯಲ್ಲಿ ಹನ್ನೆರಡು. ಆಗಷ್ಟೇ ಅಳೆದು ನೋಡಿದ್ದೆ, ಆದರೂ ಮೂವತ್ತು ವರ್ಷದ ಕೈ ತನಗೆ ಗೊತ್ತಿದ್ದನ್ನೇ ಮಾಡಿತು. ಕೆಂಪನ್ನು ಹನ್ನೆರಡರ ಜಾಗಕ್ಕೆ, ಹಳದಿಯನ್ನು ಐದರ ಜಾಗಕ್ಕೆ ತಳ್ಳಿ ನಾನು ಏನೂ ಮಾಡದವನಂತೆ ಪೇಪರು ಬಿಡಿಸಿಕೊಂಡು ಕೂತೆ.

ಮೂರು ಗಂಟೆಗೆ ನೀವು ಬಂದಿರಿ. ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಿರಿ. ಮೊದಲು ಖಾಲಿ ಡ್ರೈವ್ ನೋಡುವ ಎಂದು ಹೇಳಿ ನಾನೇ ಸ್ವಿಚ್ ಹಾಕಿದೆ. ಚಿಟ್ಟೆಂದಿತು, ಹೊಗೆ ಬಂತು, ಸುಟ್ಟ ವಾಸನೆ. ಪ್ಲಗ್ಗು ಕಿತ್ತೆ, ಕೆಂಪು ತಂತಿ ಕಣ್ಣಿಗೆ ಬಿತ್ತು — ಒಂದೇ ಉಸಿರಿನಲ್ಲಿ ಎಲ್ಲ ಅರ್ಥವಾಯಿತು. ಆಗ ಹೇಳಬಹುದಿತ್ತು, ಟೀಚರ್. ಪ್ಲಗ್ಗನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿದು, ನಿಮ್ಮ ಎದುರಿಗೇ ಕೇಳಿದೆ:

“ಹಮೀದ್, ನೀನು ಸರಿ ನೋಡಿದ್ದೀಯಾ?”

“ನೋಡಿಯೇ ಬರೆದದ್ದು ವಾಸಣ್ಣ,” ಎಂದ. ನೀವು ಚೀಟಿಯನ್ನೂ ಅವನ ಮುಖವನ್ನೂ ನೋಡಿದಿರಿ. ನಿಮಗೆ ನೀರು ತರಲು ಅವನನ್ನು ಒಳಗೆ ಕಳಿಸಿದೆ. ಅವನು ಬರುವಷ್ಟರಲ್ಲಿ ತಂತಿಗಳು ತಮ್ಮ ತಮ್ಮ ಜಾಗದಲ್ಲಿದ್ದವು. ನೀವು ಸೋತು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಿರಿ, ನೋಡಲಿಲ್ಲ.

ನೀವು ಹೋದ ಮೇಲೆ ಹಮೀದ್ ಆ ಸಪ್ಲೈಯನ್ನು ಮೂರು ಸಲ ಅಳೆದ. ಈಗ ಸರಿ ಉಂಟಲ್ಲ, ಈಗ ಸರಿ ಉಂಟಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನಾನು ಕೇಳಿಸಿಕೊಳ್ಳುತ್ತ ಕೂತಿದ್ದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಈ ಡ್ರೈವಿನಲ್ಲಿ ಇನ್ನು ಏನೂ ಉಳಿದಿಲ್ಲ ಎಂದು ನಿಮಗೆ ಹೇಳಿದೆನಲ್ಲ, ಅದು ಸುಳ್ಳು. ಅದರ ಹೆಚ್ಚಿನ ಚಿಪ್ಪುಗಳು ಈಗಲೂ ಸಿಗುವ ಸಾಧಾರಣ ಚಿಪ್ಪುಗಳು. ಒಂದೊಂದಾಗಿ ಬದಲಿಸಿ ನೋಡಬಹುದಿತ್ತು, ಹಮೀದ್ ಕೇಳಿಯೂ ಕೇಳಿದ. ಆದರೆ ಅವನು ಬಿಚ್ಚಿ ಕೂತರೆ ಐದರ ದಾರಿಯಲ್ಲಿ ಹನ್ನೆರಡು ನುಗ್ಗಿದೆ ಎಂದು ಅರ್ಧ ಗಂಟೆಯಲ್ಲಿ ಕಂಡುಹಿಡಿಯುತ್ತಿದ್ದ, ಆಮೇಲೆ ಹೇಗೆ ಎಂದು ಕೇಳುತ್ತಿದ್ದ. ಅದಕ್ಕೇ ನೀವು ಬಿಟ್ಟುಹೋದ ಡ್ರೈವನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ನಮ್ಮ ಮಳೆಗಾಲದ ತೇವಕ್ಕೆ ನಿಮ್ಮ ಡಿಸ್ಕಿಗೆ ಬೂಸ್ಟು ಹಿಡಿಯುತ್ತದೆ, ಪ್ರತಿ ವರ್ಷ ಕೆಲವು ಹೆಸರುಗಳನ್ನು ಅದು ತಿನ್ನುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ಮಳೆಗಾಲ ಸುಮ್ಮನಿದ್ದೆ.

ಎರಡು ತಿಂಗಳಿಗೆ ಹಮೀದ್ ಕೆಲಸ ಬಿಟ್ಟ. ಹೋಗುವ ದಿನ ಅವನೇ ಹೇಳಿದ, ಭಾವ ವಾಮದಪದವಿನಲ್ಲಿ ಅಂಗಡಿಗೆ ಜಾಗ ಕೊಡುತ್ತೇನೆ ಎಂದಿದ್ದನಂತೆ, ಇವನು ಬೇಡ ಎಂದುಬಿಟ್ಟನಂತೆ. ಅಂಗಡಿಯ ಮಾತು ನಡೆದದ್ದಂತೂ ಹೌದು, ನನ್ನ ಅನುಮಾನ ಅಷ್ಟರಮಟ್ಟಿಗೆ ನಿಜವಾಗಿತ್ತು ನೋಡಿ. ಆ ಮಾತನ್ನು ಎಷ್ಟೋ ದಿನ ಔಷಧಿಯಂತೆ ನುಂಗಿದೆ — ನಾಟಲಿಲ್ಲ.

ಕಳೆದ ತಿಂಗಳು ಚಾರ್ಮಾಡಿ ಕಡೆ ಒಂದು ಇನ್ವರ್ಟರ್ ಕೆಲಸಕ್ಕೆ ಹೋಗಿದ್ದವನು ಕಕ್ಕಿಂಜೆಯಲ್ಲಿ ಬಸ್ಸು ಕಾಯುತ್ತಿದ್ದೆ. ಎದುರು ಹಣ್ಣಿನ ಅಂಗಡಿಯಲ್ಲಿ ಹಮೀದ್. ಕರೆದು ಕೂರಿಸಿದ, ಮನೆಯವರನ್ನೆಲ್ಲ ವಿಚಾರಿಸಿದ, ನಿಮ್ಮನ್ನೂ ವಿಚಾರಿಸಿದ. ಮಾತಿನ ನಡುವೆ ಗಿರಾಕಿಗಳು ಬರುತ್ತಿದ್ದರು. ಹಣ್ಣು ತಕ್ಕಡಿಗೆ ಹಾಕಿದ ಮೇಲೆ ಪ್ರತಿ ಸಲವೂ ಅವನು ಅದರ ಮುಖವನ್ನು ಗಿರಾಕಿಯ ಕಡೆ ತಿರುಗಿಸಿ, ಎಷ್ಟು ಉಂಟು ನೋಡಿ ಹೇಳಿ ಎನ್ನುತ್ತಿದ್ದ. ಆಗಲೂ ನನಗೆ ಹೊಳೆದದ್ದೇನು ಗೊತ್ತೇ? ಈ ತಕ್ಕಡಿಯಲ್ಲಿ ಏನೋ ಮೋಸ ಇದೆ ಎಂದು. ನಾಚಿಕೆಯಿಲ್ಲದ ಬುದ್ಧಿ. ಯಾಕೆ ಹೀಗೆ ಎಂದು ಕೇಳಿಯೇಬಿಟ್ಟೆ.

“ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲ ವಾಸಣ್ಣ,” ಎಂದ. “ಟೀಚರಿನ ಡ್ರೈವಿಗೆ ಅವತ್ತು ಏನು ನೋಡಿ ಏನು ಬರೆದೆನೋ. ಬೆಳ್ತಂಗಡಿಯಲ್ಲಿ ಡಾಕ್ಟರಿಗೆ ತೋರಿಸಿದೆ, ಕಣ್ಣು ಸರಿ ಉಂಟು ಅಂತ ಹೇಳ್ತಾರೆ.”

ಅನುಮಾನಪಟ್ಟವನು ನಾನು. ಅದನ್ನು ನಾಲ್ಕು ವರ್ಷ ಹೊತ್ತವನು ಅವನು, ಅದೂ ತನ್ನ ಮೇಲೆಯೇ. ನಾನು ಬಾಳೆಹಣ್ಣು ಕೇಳಿದೆ. ತಕ್ಕಡಿಯನ್ನು ನನ್ನ ಕಡೆ ತಿರುಗಿಸಿದ. ಒಂದು ಕಿಲೋ ಎಂದು ಓದಿದೆ. ಅವನು ಬಗ್ಗಿ ನೋಡಲೂ ಇಲ್ಲ, ಕಟ್ಟಿ ಕೊಟ್ಟ. ಬಸ್ಸು ಬಂತು, ಹತ್ತಿಬಿಟ್ಟೆ — ಅಂದೂ ಹೇಳಲಿಲ್ಲ.

ನಾಳೆ ಬೆಳಿಗ್ಗೆ ಅಟ್ಟದಿಂದ ಡ್ರೈವ್ ಇಳಿಸಿಕೊಂಡು ಕಕ್ಕಿಂಜೆಗೆ ಹೋಗುತ್ತೇನೆ. ಅಂಗಡಿಯಲ್ಲಿ ಜನ ಇರುವಾಗಲೇ ಹೇಳುತ್ತೇನೆ, ಅವನ ಹೆಸರು ಕೆಡಿಸಿದ್ದೂ ನಿಮ್ಮ ಎದುರಿಗೇ ತಾನೇ. ಡ್ರೈವನ್ನು ಬಿಚ್ಚುತ್ತಾನೋ, ನನ್ನ ತಲೆಗೆ ಎಸೆಯುತ್ತಾನೋ, ಅದು ಅವನಿಗೆ ಬಿಟ್ಟದ್ದು. ಡಿಸ್ಕನ್ನು ನೀವು ಒರೆಸಬೇಡಿ, ಬಿಸಿಲಿಗೆ ಇಡಬೇಡಿ. ಅದರಲ್ಲಿ ಇನ್ನೂ ಎಷ್ಟು ಹೆಸರು ಉಳಿದಿವೆಯೋ ನನಗೆ ಗೊತ್ತಿಲ್ಲ.

ಅವನು ಅಂದು ನೋಡಿದ್ದು ಸರಿಯಾಗಿತ್ತು, ಬರೆದದ್ದು ಸರಿಯಾಗಿತ್ತು. ನಿಮಗೆ ಇದನ್ನು ಕಾಗದದಲ್ಲಿ ಬರೆಯಬಹುದು, ಟೀಚರ್. ಅವನಿಗೆ ಮುಖ ನೋಡಿ ಹೇಳಬೇಕು.