ಸದ್ಯಕ್ಕೆ ತುಂಬಿದ ಸೊನ್ನೆ

ಬ್ರನೋ ಊರಿನ ನಮ್ಮ ಆಫೀಸಿನಲ್ಲಿ ಬ್ಲಾಂಕಾ ವಿತ್ಕೊವಾ ನನ್ನೆದುರಿಗೇ ಕೂರುತ್ತಾಳೆ. ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರಿನಲ್ಲಿ ಅವಳ ಪಾಲಿಗೆ ಬಂದದ್ದು ಒಂದೇ ಎಚ್ಚರಿಕೆ: ‘ಅಂಕಿ ತುಂಬುವ ಮೊದಲೇ ಓದುತ್ತಿದ್ದೀರಿ’. ಹಾಳಾದ್ದು, ಹತ್ತರಲ್ಲಿ ಒಂಬತ್ತು ಸಲ ಸುಳ್ಳೇ ಕೂಗುತ್ತಿತ್ತು. ಪ್ರೋಗ್ರಾಮು ಎಂದೂ ಹಿಡಿಯಲಾಗದ ದಾರಿಯನ್ನೂ ದಾರಿಯೆಂದೇ ನಂಬಿ ರಗಳೆ ತೆಗೆಯುತ್ತಿತ್ತು. ಯಾವ ದಾರಿ ನಿಜ, ಯಾವುದು ಸುಳ್ಳು ಎಂದು ಅದಕ್ಕೆ ಕಲಿಸುವುದರಲ್ಲೇ ಅವಳ ಒಂಬತ್ತು ವರ್ಷ ಹೋಯಿತು.

ಈ ವಸಂತದಲ್ಲಿ ಕೆಲಸ ಮುಗಿಯಿತು. ಗಸಗಸೆ ತುಂಬಿದ ಕೊಲಾಚೆ ಎಂಬ ಸಿಹಿ ಬನ್ನು ತಂದು ಎಲ್ಲರಿಗೂ ಹಂಚಿದಳು.

“ಇನ್ನು ಸುಳ್ಳು ಕೂಗಲ್ಲ ಕಣೋ ಓತಾ. ಕೂಗ್ತು ಅಂದ್ರೆ ಎದ್ದು ನೋಡ್ಲೇಬೇಕು,” ಎಂದು ನನಗೆ ಹೇಳಿದಳು.

ಮರುವಾರವೇ ಲುಮೀರ್ ಕೋಪಲ್ ಬಂದ. ಬೆಟ್ಟಕ್ಕೆ ಜನರನ್ನು ಒಯ್ಯುವ ತೂಗುಕುರ್ಚಿಗಳ ಬ್ರೇಕಿಗೆ ಪ್ರೋಗ್ರಾಮು ಬರೆದವನು. ಹೋದ ತಿಂಗಳು ತೂಕ ಅಳೆಯುವ ಸಾಧನ ಕೈಕೊಟ್ಟಿತ್ತು. ಕುರ್ಚಿಗಳೆಲ್ಲ ಖಾಲಿ ಎಂದುಕೊಂಡು ಬ್ರೇಕು ಗಕ್ಕನೆ ಹಿಡಿದು, ಒಬ್ಬ ಹೆಂಗಸು ಬಿದ್ದು ಸೊಂಟ ಮುರಿದುಕೊಂಡಿದ್ದಳು.

“ಎಂಜಿನಿಯರಮ್ಮಾ, ನಿಮ್ಮ ಕಂಪೈಲರ್ ಕಮಕ್ ಕಿಮಕ್ ಅನ್ಲಿಲ್ಲ. ಹಾಗಂತ ಒಂದು ಕಾಗದ ಬರ್ಕೊಡಿ. ಸೋಮವಾರ ವಿಚಾರಣೆ. ಕೆಲಸ ಉಳಿದ್ರೂ ಉಳೀಬಹುದು.”

ಬ್ಲಾಂಕಾ ಅವನ ಪ್ರೋಗ್ರಾಮನ್ನು ತನ್ನ ಹೊಸ ಕಂಪೈಲರಿಗೆ ಕೊಟ್ಟಳು. ಅದೂ ಸುಮ್ಮನಿತ್ತು. ಅವಳು ಸಾಲು ಸಾಲಾಗಿ ಓದತೊಡಗಿದಳು.

“ಇದೇನ್ರೀ ಇದು, ಎಲ್ಲಾ ಕಡೆ ಮೊದಲೇ ಸೊನ್ನೆ ತುಂಬಿಟ್ಟಿದ್ದೀರಿ! ಸೊನ್ನೆ ಇದ್ರೆ ತುಂಬಿದ ಹಾಗೇ ಲೆಕ್ಕ. ಇನ್ನೆಲ್ಲಿಂದ ಕೂಗುತ್ತೆ ಅದು?”

ಕುರ್ಚಿಗಳು ಖಾಲಿ ಎಂದು ಬ್ರೇಕನ್ನು ನಂಬಿಸಿದ್ದ, ತೂಕದ ಮುಂದಿನ ಸೊನ್ನೆಯನ್ನು ಅಳಿಸಿದಳು. ಕೂಡಲೇ ಎಚ್ಚರಿಕೆ ಬಂತು. ಈ ಸಲ ಅದು ನಿಜವಾದದ್ದು.

“ಯಾವ ಪುಣ್ಯಾತ್ಮ ಹೇಳಿದ್ದು ನಿಮಗೆ, ಸೊನ್ನೆ ಹಾಕಿ ಅಂತ?”

ಲುಮೀರ್ ತಲೆ ತಗ್ಗಿಸಿ ಜೇಬಿನಿಂದ ಮಡಿಸಿದ ಹಾಳೆ ತೆಗೆದ. ಎಂಟು ವರ್ಷದ ಹಿಂದಿನ ಪತ್ರ: ‘ಅದು ಸುಳ್ಳು ಎಚ್ಚರಿಕೆ, ಕ್ಷಮಿಸಿ. ಸದ್ಯಕ್ಕೆ ಸೊನ್ನೆ ತುಂಬಿಬಿಡಿ. ಮುಂದಿನ ಸಲ ಸರಿಪಡಿಸುತ್ತೇನೆ. ಬ್ಲಾಂಕಾ.’

ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ತಪ್ಪು ಸಲಹೆ ತನ್ನದೇ ಎಂದು ಅವಳು ಕಾಗದ ಬರೆದಳು. ‘ಬರೆದ ಕೈ ಅವನದು ತಾನೆ?’ ಎಂದರಂತೆ ವಿಚಾರಣೆಯವರು. ಲುಮೀರನ ಕೆಲಸ ಹೋಯಿತು.

ನಿನ್ನೆ ಅವನೇ ಬ್ಲಾಂಕಾಗೆ ಫೋನ್ ಮಾಡಿದ. “ಬೇಜಾರು ಮಾಡ್ಕೋಬೇಡಿ ಎಂಜಿನಿಯರಮ್ಮಾ. ಒಂದು ಮಾತು ಕೇಳ್ಲಾ? ಇನ್ನೂ ನಾನೂರು ಸೊನ್ನೆ ಆ ಪ್ರೋಗ್ರಾಮಿನಲ್ಲೇ ಇವೆ. ನನ್ನನ್ನಂತೂ ಒಳಗೆ ಬಿಡಲ್ಲ. ಯಾರು ತೆಗೀತಾರೆ?”

ಆ ಕುರ್ಚಿಗಳು ಶನಿವಾರದಿಂದ ಮತ್ತೆ ಓಡುತ್ತಿವೆ.